ಕರಿಬೇವಿನ ಗಿಡದಿಂದ ಶುರುಮಾಡಿ: ಬಯಲುಸೀಮೆಯ ಬಾಲದ ಚಿಟ್ಟೆಗಳನ್ನು ಹುಡುಕುವ, ಫೋಟೊ ತೆಗೆಯುವ ಬಗೆ

ಒಳ್ಳೆಯ ಚಿಟ್ಟೆಗಳ ಫೋಟೊ ಬೇಕೆಂದರೆ ಕೊಡಗಿಗೋ ಆಗುಂಬೆಗೋ ಹೋಗಬೇಕು ಎಂದು ನಂಬಿದವರು ನಮ್ಮ ಕಡೆ ಬಹಳ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂದರೆ ಬರ, ಜಾಲಿ, ಕಲ್ಲುಗುಡ್ಡ, ಗುಳೆ ಇವೇ ಮೊದಲು ನೆನಪಾಗುತ್ತವೆ. ಆದರೆ ಈ ಐದು ತಾಲ್ಲೂಕುಗಳ ಯಾವ ಊರಿನಲ್ಲಾದರೂ ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ಕರಿಬೇವಿನ ಗಿಡ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಅದರ ಚಿಗುರೆಲೆಗಳನ್ನು ಒಂದೊಂದಾಗಿ ಮಗುಚಿ ನೋಡಿ. ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುವ, ಕಂದು ಮೈಮೇಲೆ ಬಿಳಿ ಪಟ್ಟೆಯ ಒಂದು ಸಣ್ಣ ಹುಳು ಸಿಗುವ ಸಂಭವ ಬಹಳ. ಅದು ನಮ್ಮ ದೇಶದ ಅತ್ಯಂತ ಚೆಲುವಾದ ಚಿಟ್ಟೆಗಳ ಕುಟುಂಬಕ್ಕೆ ಸೇರಿದ್ದು.

ಆ ಕುಟುಂಬಕ್ಕೆ ಪ್ಯಾಪಿಲಿಯೊನಿಡೆ ಎಂದು ಹೆಸರು. ಲೋಕರೂಢಿಯಲ್ಲಿ ಸ್ವಾಲೋಟೇಲ್, ಅಂದರೆ ಬಾಲದ ಚಿಟ್ಟೆಗಳು. ಹಿಂದಿನ ರೆಕ್ಕೆಯ ಅಂಚಿನಿಂದ ಚಾಚಿದ ಮೊನೆಯೇ ಆ ಬಾಲ. ಕುಟುಂಬದ ಎಲ್ಲರಿಗೂ ಬಾಲ ಇಲ್ಲ. ಇಲ್ಲದಿರುವವರಲ್ಲಿ ನಮಗೆ ಅತಿ ಪರಿಚಿತವಾದದ್ದು ನಿಂಬೆ ಚಿಟ್ಟೆ. ಹಾಗಾಗಿ ಬಾಲಕ್ಕಿಂತ ಕಾಲು ನೋಡುವುದು ಹೆಚ್ಚು ಖಾತ್ರಿ. ನಮ್ಮ ಹೊಲಗಳಲ್ಲಿ ಹೇರಳವಾಗಿ ಹಾರಾಡುವ ಟೈಗರ್, ಪ್ಯಾನ್ಸಿ ಜಾತಿಯ ಚಿಟ್ಟೆಗಳು ಮುಂದಿನ ಎರಡು ಕಾಲುಗಳನ್ನು ಮಡಚಿಕೊಂಡು ನಾಲ್ಕರ ಮೇಲೆ ನಿಲ್ಲುತ್ತವೆ. ಬಾಲದ ಚಿಟ್ಟೆಗೆ ಆರೂ ಕಾಲು ಚೆನ್ನಾಗಿ ಬೆಳೆದಿರುತ್ತವೆ, ಆರರ ಮೇಲೂ ನಿಲ್ಲಬಲ್ಲದು.

ಪಶ್ಚಿಮಘಟ್ಟದಲ್ಲಿ ಈ ಕುಟುಂಬದ 19 ಜಾತಿಗಳಿವೆ. ರಾಜ್ಯದ ಚಿಟ್ಟೆಯೆಂದು ಗೌರವ ಪಡೆದ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಕುಟುಂಬದ್ದು. ಅದರ ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂ.ಮೀ. ಅದನ್ನು ನೋಡಲು ಮಾತ್ರ ಮಲೆನಾಡಿಗೇ ಹೋಗಬೇಕು. ನಮ್ಮ ಬಯಲಿನಲ್ಲಿ ನೆಚ್ಚಿಕೊಳ್ಳಬಹುದಾದವು ಐದು: ಕಾಮನ್ ಮಾರ್ಮನ್, ನಿಂಬೆ ಚಿಟ್ಟೆ, ಕಾಮನ್ ರೋಸ್, ಕ್ರಿಮ್ಸನ್ ರೋಸ್, ಟೇಲ್ಡ್ ಜೇ. ದೊಡ್ಡ ಮರಗಳ ನೆರಳಿರುವ ನೀರಾವರಿ ತೋಟಗಳಲ್ಲಿ ಬ್ಲೂ ಮಾರ್ಮನ್ ಎಂಬ ದೊಡ್ಡ ನೀಲಿ-ಕಪ್ಪು ಚಿಟ್ಟೆಯೂ ಕಂಡೀತು. ಐದೇ ಎಂದು ಕಡೆಗಣಿಸಬೇಡಿ. ಈ ಐದರೊಳಗೆ ಜೀವವಿಜ್ಞಾನದ ಒಂದು ಪ್ರಸಿದ್ಧ ಕಥೆಯೇ ಅಡಗಿದೆ.

ಗಿಡ ಗೊತ್ತಿದ್ದರೆ ಚಿಟ್ಟೆ ಸಿಗುತ್ತದೆ

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಚಿಟ್ಟೆಯ ಹಿಂದೆ ಓಡುವವರಿಗೆ ಮಸುಕು ಫೋಟೊ ಮತ್ತು ಮೊಣಕಾಲು ನೋವು ಎರಡೇ ದಕ್ಕುತ್ತವೆ. ಹೆಣ್ಣು ಚಿಟ್ಟೆ ಮೊಟ್ಟೆ ಇಡುವ ಗಿಡ ಯಾವುದೆಂದು ಕಲಿತು, ಅದರ ಬಳಿ ಹೋಗಿ ಕೂತರೆ ಅದೇ ಬರುತ್ತದೆ. ಬಾಲದ ಚಿಟ್ಟೆಗಳು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೂವು ಯಾವುದಾದರೂ ಆದೀತು, ಮೊಟ್ಟೆಗೆ ಮಾತ್ರ ಗೊತ್ತಾದ ಗಿಡವೇ ಬೇಕು.

ಕಾಮನ್ ಮಾರ್ಮನ್ ಮತ್ತು ನಿಂಬೆ ಚಿಟ್ಟೆಗಳಿಗೆ ನಿಂಬೆಯ ಬಳಗ ಬೇಕು: ಕರಿಬೇವು, ನಿಂಬೆ, ಮೋಸಂಬಿ, ಬಿಲ್ವಪತ್ರೆ. ಈ ಸೀಮೆಯಲ್ಲಿ ಈಶ್ವರ ಗುಡಿಗಳಿಗೆ ಬರವಿಲ್ಲ. ಬಾಗಳಿಯ ಕಲ್ಲೇಶ್ವರ, ಅಂಬಳಿಯ ಕಲ್ಲೇಶ್ವರದಂಥ ಹಳೆಯ ಗುಡಿಗಳನ್ನು ನೋಡಲು ಹೋದಾಗ ಶಿಲ್ಪದ ಜತೆಗೆ ಆಸುಪಾಸಿನಲ್ಲಿ ಬಿಲ್ವದ ಗಿಡವಿದೆಯೇ ಎಂದೂ ಕಣ್ಣಾಡಿಸಿ. ಇದ್ದರೆ ಅದರ ಎಳೆ ಚಿಗುರು ನಿಮ್ಮ ಮೊದಲ ಠಾಣೆ. ನಿಂಬೆ ಚಿಟ್ಟೆ ಎರೆ ಹೊಲದ ಬದುಗಳಲ್ಲಿ ಬೆಳೆಯುವ ಬಾವಂಚಿ ಗಿಡದ ಮೇಲೂ ಮೊಟ್ಟೆ ಇಡುವುದುಂಟು.

ಟೇಲ್ಡ್ ಜೇ ಚಿಟ್ಟೆಗೆ ಸೀತಾಫಲ ಮತ್ತು ಶಾಲೆ, ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ಬೆಳೆಸುವ ಅಶೋಕ. ಸೀತಾಫಲ ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆದಿರುವ ಗಿಡ. ಒಬ್ಬರೂ ನೀರು ಹಾಕುವುದಿಲ್ಲ, ಆದರೂ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಆ ಚಿಗುರಿನ ಸುತ್ತ ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕಿಗಳ ಚಿಟ್ಟೆಯೊಂದು ಕ್ಷಣವೂ ನಿಲ್ಲದೆ ಸುತ್ತಾಡುತ್ತಿದ್ದರೆ ಅದು ಟೇಲ್ಡ್ ಜೇ.

ಎರಡು ರೋಸ್ ಚಿಟ್ಟೆಗಳ ಗಿಡ ಬೇರೆ. ಅವಕ್ಕೆ ಈಶ್ವರಿ ಬಳ್ಳಿ, ಇಲ್ಲವೇ ಅದೇ ಕುಲದ ಕತ್ತೆಕಿರುಬನ ಗಿಡ ಬೇಕು. ಈಶ್ವರಿ ಬಳ್ಳಿ ಬೇಲಿ, ಪೊದೆಗಳಿಗೆ ಹಬ್ಬುತ್ತದೆ. ಕತ್ತೆಕಿರುಬ ಎರೆ ಭೂಮಿಯಲ್ಲಿ, ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ ನೆಲಕ್ಕಂಟಿಕೊಂಡು ಹರಡುವ ಸಣ್ಣ ಗಿಡ. ಎಲೆ ಅಗಲ, ಬೂದು ಬೆರೆತ ಹಸಿರು, ಹಿಚುಕಿದರೆ ಕೆಟ್ಟ ವಾಸನೆ, ಕೊಳವೆಯಂಥ ಕಂದುನೇರಳೆ ಹೂವು. ನಾಟಿ ಔಷಧ ಬಲ್ಲ ಹಿರಿಯರನ್ನು ಕೇಳಿದರೆ ತೋರಿಸಿಕೊಡುತ್ತಾರೆ. ಈ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಹುಳು ಎಲೆ ತಿಂದು ಆ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಅದು ಮೈಯಲ್ಲೇ ಇರುತ್ತದೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಆ ಕೆಂಪು-ಕಪ್ಪು ಮೈಯನ್ನು ಮರೆಯುವುದಿಲ್ಲ. ರೋಸ್ ಚಿಟ್ಟೆಗಳು ಅವಸರವಿಲ್ಲದೆ, ತಗ್ಗಿನಲ್ಲಿ, ನಿಧಾನವಾಗಿ ಹಾರುವುದಕ್ಕೆ ಕಾರಣವೂ ಅದೇ. ಹೊಸದಾಗಿ ಫೋಟೊ ತೆಗೆಯುವವರು ಇವುಗಳಿಂದಲೇ ಕಲಿಯಲು ಶುರುಮಾಡುವುದು ವಾಸಿ.

ಹೂವಿನಹಡಗಲಿಯ ಬಗ್ಗೆ ಒಂದು ಮಾತು. ಊರಿನ ಹೆಸರಲ್ಲೇ ಹೂವಿದೆ, ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಹಾಗೆಂದು ಮಲ್ಲಿಗೆ ತೋಟದಲ್ಲಿ ಚಿಟ್ಟೆ ಕಾಯುತ್ತ ಕೂರಬೇಡಿ. ಮಲ್ಲಿಗೆಯನ್ನು ಮೊಗ್ಗಿನಲ್ಲೇ, ಬೆಳಗಿನ ಜಾವ ಬಿಡಿಸಿ ಮಾರುಕಟ್ಟೆಗೆ ಕಳಿಸುತ್ತಾರೆ. ಅರಳಿದ ಹೂವು ತೋಟದಲ್ಲಿ ಉಳಿಯುವುದೇ ಕಡಿಮೆ. ಮೊಗ್ಗು ಕೊರೆಯುವ ಹುಳುವಿಗೆ ಔಷಧಿ ಹೊಡೆಯುವುದೂ ಇದೆ. ತೋಟದ ಬೇಲಿಯ ಲಂಟಾನ, ಬದುವಿನ ಹಳದಿ-ಬಿಳಿ ಕಾಡುಹೂಗಳು, ಪಕ್ಕದ ಹೊಲದ ಚೆಂಡುಹೂ, ಮನೆಯಂಗಳದ ದಾಸವಾಳ ಮತ್ತು ಕೇಪಳ, ಇವೇ ಮಕರಂದದ ನಿಜವಾದ ಅಂಗಡಿಗಳು.

ಯಾವಾಗ, ಎಲ್ಲಿ

ಮಳೆಯ ಲೆಕ್ಕವೇ ಚಿಟ್ಟೆಯ ಲೆಕ್ಕ. ಮುಂಗಾರು ಬಿದ್ದು ಗಿಡ ಚಿಗುರಬೇಕು, ಮೊಟ್ಟೆ ಒಡೆದು ಹುಳು ತಿಂದು ಬೆಳೆಯಬೇಕು, ಕೋಶ ಕಟ್ಟಿ ಚಿಟ್ಟೆ ಹೊರಬರಬೇಕು. ಬೆಚ್ಚಗಿನ ದಿನಗಳಲ್ಲಿ ಇದಕ್ಕೆಲ್ಲ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹುಬ್ಬೆ, ಉತ್ತರೆ ಮಳೆ ಚೆನ್ನಾಗಿ ಆದ ವರ್ಷ ದಸರೆಯಿಂದ ದೀಪಾವಳಿವರೆಗೆ, ಕೆಲವೊಮ್ಮೆ ಕಾರ್ತಿಕ ಮುಗಿಯುವವರೆಗೂ ಚಿಟ್ಟೆಗಳ ಸುಗ್ಗಿ. ಪರ ಊರಿನವರು ಈ ಸೀಮೆಗೆ ಹೆಚ್ಚಾಗಿ ಬರುವುದು ಮೈಲಾರದ ಕಾರಣಿಕಕ್ಕೆ, ಕೊಟ್ಟೂರೇಶ್ವರನ ತೇರಿಗೆ. ಅವೆರಡೂ ಬೇಸಿಗೆಯ ಬಾಗಿಲಲ್ಲಿ ಬರುತ್ತವೆ. ಆಗ ನೋಡಿ ಇಲ್ಲಿ ಚಿಟ್ಟೆಯೇ ಇಲ್ಲ ಎಂದು ತೀರ್ಮಾನಿಸಿದವರು ಅಕ್ಟೋಬರ್‌ನಲ್ಲಿ ಒಮ್ಮೆ ಬರಬೇಕು.

ದಿನದಲ್ಲಿ ಬೆಳಿಗ್ಗೆ ಎಂಟರಿಂದ ಹತ್ತೂವರೆ ಒಳ್ಳೆಯ ಹೊತ್ತು. ಚಿಟ್ಟೆ ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳಲಾರದು, ಬಿಸಿಲು ಕಾಯಿಸಿಕೊಂಡೇ ಹಾರಬೇಕು. ಎಳೆಬಿಸಿಲಿಗೆ ಎಲೆಯ ಮೇಲೆ ರೆಕ್ಕೆ ಅಗಲಿಸಿ ಕೂತಿರುವ ಆ ಕೆಲವು ನಿಮಿಷ ಅದು ಬೇಗ ಬೆದರುವುದಿಲ್ಲ. ನಡುಹಗಲಿನ ಬಿಸಿಲಿಗೆ ಅವು ನೆರಳಿಗೆ ಸರಿಯುತ್ತವೆ, ಬೆಳಕೂ ಆಗ ಚೆನ್ನಾಗಿರುವುದಿಲ್ಲ. ಸಂಜೆ ನಾಲ್ಕರ ಮೇಲೆ ಮತ್ತೆ ಒಂದು ಸುತ್ತು.

ಸಂಜೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಬಲ್ಲವರು ಕಡಿಮೆ. ಕ್ರಿಮ್ಸನ್ ರೋಸ್ ಚಿಟ್ಟೆಗಳು ಹೊತ್ತು ಮುಳುಗುವ ಮುನ್ನ ಒಂದೇ ಪೊದೆಗೆ, ಒಂದೇ ಒಣಕೊಂಬೆಗೆ ಗುಂಪಾಗಿ ಬಂದು ತಂಗುವುದುಂಟು. ಮೊದಲು ಒಂದೆರಡು ಬಂದು ಆ ಜಾಗದ ಸುತ್ತ ಸುಳಿಯುತ್ತವೆ, ಕೂರುತ್ತವೆ, ಏಳುತ್ತವೆ. ಆಮೇಲೆ ಬಂದವು ಅವುಗಳ ಪಕ್ಕದಲ್ಲೇ ಜಾಗ ಹಿಡಿಯುತ್ತವೆ. ಕತ್ತಲಾಗುವ ಹೊತ್ತಿಗೆ ಎಲ್ಲವೂ ಕಡ್ಡಿಗೆ ಜೋತು, ರೆಕ್ಕೆ ಇಳಿಬಿಟ್ಟು ಅಲುಗದೆ ಇರುತ್ತವೆ. ನಿಂಬೆ ಚಿಟ್ಟೆಗಳೂ ಒಣಹುಲ್ಲಿನ ಕಡ್ಡಿಗಳ ಮೇಲೆ ಹೀಗೆ ಕೂಡಿ ಮಲಗುತ್ತವೆ. ಸಂಜೆ ಆ ಜಾಗ ಗುರುತಿಟ್ಟುಕೊಂಡು ಮರುದಿನ ಬಿಸಿಲು ತಾಗುವ ಮೊದಲು ಹೋದರೆ ಟ್ರೈಪಾಡ್ ಹೂಡಿ, ಸಾವಕಾಶವಾಗಿ, ರೆಕ್ಕೆಯ ಒಂದೊಂದು ಗೆರೆಯೂ ಕಾಣುವಂತೆ ಫೋಟೊ ತೆಗೆಯಬಹುದು. ಇಬ್ಬನಿ ಬಿದ್ದಿದ್ದರೆ ಇನ್ನೂ ಸೊಗಸು. ಕೊಂಬೆಯನ್ನು ಮಾತ್ರ ಮುಟ್ಟಬೇಡಿ, ಟಾರ್ಚ್ ಹಾಕಬೇಡಿ.

ಜಾಗಗಳ ಮಾತಿಗೆ ಬಂದರೆ, ಐದು ತಾಲ್ಲೂಕುಗಳ ಗುಣ ಒಂದೇ ಅಲ್ಲ. ಕೂಡ್ಲಿಗಿಯದು ಕೆಂಪು ನೆಲ, ಬಂಡೆಗುಡ್ಡ, ಕುರುಚಲು ಕಾಡು. ಗುಡೇಕೋಟೆಯ ಸುತ್ತಲಿನ ಗುಡ್ಡಗಳನ್ನು 2013ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಟೇಲ್ಡ್ ಜೇ ಹುಡುಕಲು ಸೀತಾಫಲದ ಗುಡ್ಡವೇ ಸರಿ, ಆದರೆ ಸೀತಾಫಲ ಕರಡಿಗೂ ಪ್ರಿಯ, ಅದರ ಹಣ್ಣಿನ ಕಾಲವೂ ಚಿಟ್ಟೆಯ ಕಾಲವೂ ಒಂದೇ. ಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಹೊರಗಿನ ಗುಡ್ಡಗಳಲ್ಲೂ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬೇಡಿ. ಊರಿನ ಕುರಿಗಾಹಿಗಳನ್ನು ಕೇಳಿ ಹೊರಡಿ. ವ್ಯೂಫೈಂಡರ್‌ಗೆ ಕಣ್ಣಿಟ್ಟವರಿಗೆ ಪಕ್ಕದ ಪೊದೆ ಅಲುಗಿದ್ದು ತಿಳಿಯುವುದಿಲ್ಲ. ಸಂಜೆ ಚಿಟ್ಟೆಗಳು ತಂಗುವ ಪೊದೆ ಹುಡುಕುವ ಕೆಲಸವನ್ನೂ ಇದೇ ಕಾರಣಕ್ಕೆ ಊರ ಹತ್ತಿರದ ತೋಟ, ಹೊಲಗಳಲ್ಲಿ ಇಟ್ಟುಕೊಳ್ಳಿ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಹಕ್ಕಿಗಳಿಂದ ಹೆಸರಾಗಿದೆ. 98.76 ಹೆಕ್ಟೇರಿನ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರ ಜನವರಿಯಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ ಸುದ್ದಿ ಬಂತು. ಬಂದವರೆಲ್ಲ ನೀರೊಳಗಿನ ಜಾಲಿ ಮರಗಳ ಮೇಲಿನ ಕೊಕ್ಕರೆಗಳಿಗೆ ಲೆನ್ಸ್ ತಿರುಗಿಸುತ್ತಾರೆ. ಅದೇ ಹೊತ್ತಿನಲ್ಲಿ ಏರಿಯ ಕೆಳಗಿನ ತೋಟದ ಬೇಲಿಗಳ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಹಕ್ಕಿಗೆಂದು ತಂದ ಉದ್ದದ ಲೆನ್ಸ್ ಬಾಲದ ಚಿಟ್ಟೆಗೂ ಚೆನ್ನಾಗಿ ಒಗ್ಗುತ್ತದೆ. ಮಾಲವಿ ಜಲಾಶಯದ ಹಿಂದಿನ, ಚಿಕ್ಕಹಗರಿಯ ಮರಳಿನ ಅಂಚುಗಳಲ್ಲಿ, ಹಡಗಲಿ ತಾಲ್ಲೂಕಿನ ತುಂಗಭದ್ರೆಯ ದಡದಲ್ಲಿ ಹಸಿಮಣ್ಣು ಹೀರುವ ಗಂಡು ಚಿಟ್ಟೆಗಳಿಗಾಗಿ ನೋಡಿ. ಅವು ಅಲ್ಲಿಗೆ ಬರುವುದು ಉಪ್ಪಿನಂಶಕ್ಕೆ. ದನಕರು ನೀರು ಕುಡಿದು ಹೋದ ಜಾಗ, ಗಂಜಲ ಬಿದ್ದ ಜಾಗ ಅವಕ್ಕೆ ಅಚ್ಚುಮೆಚ್ಚು. ಹೀರುವುದರಲ್ಲಿ ಮೈಮರೆತ ಚಿಟ್ಟೆ ಹೊಟ್ಟೆ ಮೇಲೆ ತೆವಳಿ ಬರುವ ಫೋಟೊಗ್ರಾಫರನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಡೆಯ ಎರೆ ಹೊಲಗಳು ರೋಸ್ ಚಿಟ್ಟೆಗಳಿಗೆ. ಕತ್ತೆಕಿರುಬ ಇರುವ ಬದು ಹುಡುಕಿದರೆ ಸಾಕು. ಉಚ್ಚಂಗಿದುರ್ಗದಂಥ ಎತ್ತರದ ಗುಡ್ಡ ಹತ್ತುವವರು ತುದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಸುತ್ತಲಿಗಿಂತ ಎತ್ತರವಾದ ಜಾಗದಲ್ಲಿ ಹೆಣ್ಣಿಗಾಗಿ ಗಸ್ತು ತಿರುಗುವುದು ಈ ಕುಟುಂಬದ ಹಲವು ಗಂಡು ಚಿಟ್ಟೆಗಳ ಅಭ್ಯಾಸ.

ಮೈ ಕೆಂಪೋ, ಕಪ್ಪೋ?

ಈಗ ಆ ಪ್ರಸಿದ್ಧ ಕಥೆ. ಕಾಮನ್ ಮಾರ್ಮನ್ ಗಂಡು ಸರಳ: ಕಪ್ಪು ಚಿಟ್ಟೆ, ಹಿಂದಿನ ರೆಕ್ಕೆಯ ಮೇಲೆ ಅಡ್ಡಕ್ಕೆ ಬಿಳಿ ಚುಕ್ಕಿಗಳ ಒಂದು ಸಾಲು, ಒಂದೊಂದು ಬಾಲ. ಹೆಣ್ಣಿಗೆ ಮೂರು ವೇಷ. ಒಂದು ಗಂಡಿನಂತೆಯೇ ಇರುತ್ತದೆ. ಎರಡನೆಯದು ಕಾಮನ್ ರೋಸ್ ಚಿಟ್ಟೆಯ ಪಡಿಯಚ್ಚು: ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕಿ. ಮೂರನೆಯದು ಕ್ರಿಮ್ಸನ್ ರೋಸ್‌ನಂತೆ: ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನದರಲ್ಲಿ ಕೆಂಪು ಚುಕ್ಕಿಗಳ ಸಾಲು. ಮಾರ್ಮನ್ ಚಿಟ್ಟೆಯಲ್ಲಿ ವಿಷವಿಲ್ಲ. ವಿಷವಿರುವ ರೋಸ್‌ಗಳ ವೇಷ ಹಾಕಿ ಅದು ಹಕ್ಕಿಗಳಿಂದ ಪಾರಾಗುತ್ತದೆ.

ಆಲ್‌ಫ್ರೆಡ್ ರಸೆಲ್ ವಾಲೇಸ್ 1865ರಲ್ಲೇ ಈ ಮೂರು ಬಗೆಯ ಹೆಣ್ಣುಗಳ ಬಗ್ಗೆ ಬರೆದಿದ್ದ. ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ಬೇರೆ ಬೇರೆ ರೂಪ ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ, ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಈ ವೇಷಗಳನ್ನು ನಿರ್ಧರಿಸುತ್ತದೆಂದು ತೋರಿಸಿತು. ಗಂಡು-ಹೆಣ್ಣಿನ ವ್ಯತ್ಯಾಸ ರೂಪಿಸುವ ಜೀನ್ ಅದು. ಜಗತ್ತಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡ ಆ ಚಿಟ್ಟೆ ನಮ್ಮ ಬಚ್ಚಲ ಹಿಂದಿನ ಕರಿಬೇವಿಗೆ ಮೊಟ್ಟೆ ಇಟ್ಟು ಹೋಗುತ್ತದೆ.

ಅಸಲಿ ಯಾವುದು, ವೇಷ ಯಾವುದು ಎಂದು ತಿಳಿಯಲು ಮೈ ನೋಡಿ. ರೋಸ್ ಚಿಟ್ಟೆಗಳ ತಲೆ, ಎದೆಯ ಪಕ್ಕ, ಹೊಟ್ಟೆಯಲ್ಲಿ ಢಾಳಾದ ಕೆಂಪು ಇದ್ದೇ ಇರುತ್ತದೆ. ಮಾರ್ಮನ್ ಹೆಣ್ಣು ಯಾವ ವೇಷ ಹಾಕಿದರೂ ಮೈ ಕಪ್ಪು. ಹಾರಾಟದಲ್ಲೂ ಒಂದು ಸುಳಿವಿದೆ: ಹೆಣ್ಣು ಮಾರ್ಮನ್ ರೋಸ್‌ನಂತೆ ನಿಧಾನ ಹಾರುತ್ತದೆ, ಬೆದರಿದರೆ ಮಾತ್ರ ಅದರ ನಿಜವಾದ ವೇಗ ಹೊರಬೀಳುತ್ತದೆ. ಆದ್ದರಿಂದ ಕೆಂಪು ಚುಕ್ಕಿಯ ಕರಿಚಿಟ್ಟೆ ಕಂಡಾಗ ಮೇಲಿನಿಂದ ಒಂದು ಫೋಟೊ ತೆಗೆದು ಸುಮ್ಮನಾಗಬೇಡಿ. ಪಕ್ಕದಿಂದ, ಮೈ ಪೂರ್ತಿ ಕಾಣುವಂತೆ ಇನ್ನೊಂದು ತೆಗೆಯಿರಿ. ಗುರುತಿಸುವವರಿಗೆ ಆ ಎರಡನೆಯ ಫೋಟೊವೇ ಮುಖ್ಯ.

ಹುಳುಗಳಲ್ಲೂ ಹೀಗೇ ಸುಲಭದ ಗುರುತಿದೆ. ಎರಡು ರೋಸ್‌ಗಳ ಹುಳುವೂ ಕಡುಗಂದು, ಮೈತುಂಬ ಮೆದು ಮುಳ್ಳುಗಳಂಥ ಕೆಂಪು ಗುಬುಟು. ನಡುವೆ ಬಿಳಿ ಪಟ್ಟಿ ಇದ್ದರೆ ಕಾಮನ್ ರೋಸ್, ಇಲ್ಲದಿದ್ದರೆ ಕ್ರಿಮ್ಸನ್ ರೋಸ್.

ಹೆಸರಿನ ಹಿಂದಿನ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. 1758ರಲ್ಲಿ ಲಿನೇಯಸ್ ಈ ಚಿಟ್ಟೆಗಳಿಗೆ ಹೆಸರಿಡುವಾಗ ಟ್ರಾಯ್ ಯುದ್ಧದ ಕಥೆಯತ್ತ ತಿರುಗಿದ. ಕ್ರಿಮ್ಸನ್ ರೋಸ್‌ಗೆ ಹೆಕ್ಟರ್, ಕಾಮನ್ ಮಾರ್ಮನ್‌ಗೆ ಪೊಲೈಟೀಸ್. ಇಬ್ಬರೂ ಪ್ರಿಯಾಮ್ ರಾಜನ ಮಕ್ಕಳು. ಒಂದು ಇನ್ನೊಂದರ ವೇಷ ಹಾಕುತ್ತದೆಂದು ಲಿನೇಯಸ್‌ಗೆ ತಿಳಿದಿರಲಿಲ್ಲ. ಹೆಸರು ಮಾತ್ರ ಅಣ್ಣತಮ್ಮಂದಿರದೇ ಆಯಿತು.

ಕ್ಯಾಮೆರಾ ಹಿಡಿಯುವ ಬಗೆ

ಬಾಲದ ಚಿಟ್ಟೆ ದೊಡ್ಡದು. ಈ ಐದರ ರೆಕ್ಕೆಯ ಅಗಲ ಹೆಚ್ಚುಕಡಿಮೆ 8ರಿಂದ 11 ಸೆಂ.ಮೀ. ಹೀಗಾಗಿ ಮ್ಯಾಕ್ರೊ ಲೆನ್ಸ್ ಇಲ್ಲವೆಂದು ಕೊರಗಬೇಕಿಲ್ಲ. ಒಂದೆರಡು ಮೀಟರ್ ದೂರದಿಂದ ಫೋಕಸ್ ಆಗುವ 300 ಅಥವಾ 400 ಎಂ.ಎಂ. ಟೆಲಿ ಲೆನ್ಸ್ ಅದಕ್ಕಿಂತ ಮೇಲು. ಚಿಟ್ಟೆಗೂ ನೆಮ್ಮದಿ, ಹಿನ್ನೆಲೆಯೂ ಹದವಾಗಿ ಕರಗುತ್ತದೆ. ಮ್ಯಾಕ್ರೊ ಬೇಕಾಗುವುದು ಮೊಟ್ಟೆಗೆ. ಅದರ ಗಾತ್ರ ಸುಮಾರು ಒಂದು ಮಿ.ಮೀ.

ಷಟರ್ ವೇಗದಲ್ಲಿ ಜಿಪುಣತನ ಮಾಡಬೇಡಿ. ಇವು ಹೂವಿನ ಮೇಲೆ ಕೂತು ಮಕರಂದ ಹೀರುವಾಗಲೂ ಮುಂದಿನ ರೆಕ್ಕೆಗಳನ್ನು ಬಡಿಯುತ್ತಲೇ ಇರುತ್ತವೆ. ಭಾರವನ್ನು ಪೂರ್ತಿ ಹೂವಿನ ಮೇಲೆ ಬಿಡುವುದಿಲ್ಲ. 1/1000 ಸೆಕೆಂಡಿಗಿಂತ ಕಡಿಮೆ ಇದ್ದರೆ ಮುಂದಿನ ರೆಕ್ಕೆ ಕಲಸಿಹೋಗುತ್ತದೆ. 1/1600 ಸಿಕ್ಕರೆ ಒಳ್ಳೆಯದು, ಟೇಲ್ಡ್ ಜೇಗೆ ಇನ್ನೂ ಹೆಚ್ಚು. ಅಪರ್ಚರ್ ಎಫ್ 7.1ರಿಂದ 8. ಬೆಳಕು ಸಾಲದಿದ್ದರೆ ಐಎಸ್‌ಒ 1600ರವರೆಗೆ ಏರಿಸಲು ಹಿಂಜರಿಯಬೇಡಿ. ಸ್ವಲ್ಪ ಕಾಳು ಬಿದ್ದ ಫೋಟೊ, ಕಲಸಿದ ಫೋಟೊಗಿಂತ ಸಾವಿರ ಪಾಲು ವಾಸಿ. ಬರ್ಸ್ಟ್ ಮೋಡ್‌ನಲ್ಲಿ ಒಂದೇ ಸಲ ಹತ್ತಾರು ಫ್ರೇಮು ತೆಗೆದರೆ ಒಂದರಲ್ಲಾದರೂ ರೆಕ್ಕೆ ಸರಿಯಾದ ನಿಲುವಿನಲ್ಲಿರುತ್ತದೆ.

ಕರಿಯ ಚಿಟ್ಟೆ ಫ್ರೇಮ್ ತುಂಬಿದಾಗ ಕ್ಯಾಮೆರಾ ಮೋಸಹೋಗುತ್ತದೆ. ಕತ್ತಲೆಯಿದೆಯೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಬಿಳಿ ಪಟ್ಟೆ, ಕೆಂಪು ಚುಕ್ಕಿ ಎರಡೂ ಸುಟ್ಟಂತಾಗುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 0.7ರ ಆಸುಪಾಸಿಗೆ ಇಳಿಸಿಟ್ಟುಕೊಳ್ಳಿ. ಹಿನ್ನೆಲೆಯಲ್ಲಿ ಬಿಳಿಚಿದ ಆಕಾಶವಿದ್ದರೆ ಲೆಕ್ಕ ತಿರುಗುಮುರುಗು, ಆಗ ಪ್ಲಸ್ ಕಡೆಗೆ ಹೋಗಬೇಕು. ರೆಕ್ಕೆಯ ಹರವು ಮತ್ತು ಲೆನ್ಸಿನ ಮುಖ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಮಾತ್ರ ಇಡೀ ರೆಕ್ಕೆ ಫೋಕಸ್‌ನಲ್ಲಿರುತ್ತದೆ. ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುವ ನಿಂಬೆ ಚಿಟ್ಟೆಯನ್ನು ಮೇಲಿನಿಂದ, ರೆಕ್ಕೆ ಮಡಚಿ ಹಸಿಮಣ್ಣು ಹೀರುವುದನ್ನು ನೆಲಮಟ್ಟದಿಂದ ತೆಗೆಯಬೇಕಾದದ್ದು ಇದಕ್ಕೇ.

ಮೊಬೈಲ್ ಇರುವವರು ಎರಡು ಪಟ್ಟು ಅಥವಾ ಮೂರು ಪಟ್ಟಿನ ಟೆಲಿ ಲೆನ್ಸ್ ಆರಿಸಿ, ಚಿಟ್ಟೆಯ ಮೇಲೆ ಬೆರಳೊತ್ತಿ ಫೋಕಸ್ ಹಿಡಿದು, ಬೆಳಕನ್ನು ತುಸು ಕೆಳಗೆ ಎಳೆದು ತೆಗೆಯಲಿ. ಹತ್ತಿರ ಹೋಗಲಾಗದಿದ್ದರೆ ಸ್ಲೋ ಮೋಷನ್ ವಿಡಿಯೊ ಮಾಡಿ, ಆಮೇಲೆ ಚೆನ್ನಾಗಿರುವ ಒಂದು ಫ್ರೇಮ್ ಬಿಡಿಸಿಕೊಳ್ಳಬಹುದು. ಗುರುತಿಸಲು ಅಷ್ಟು ಸಾಕು.

ಹತ್ತಿರ ಸರಿಯುವಾಗ ನಿಮ್ಮ ನೆರಳು ಚಿಟ್ಟೆಯ ಮೇಲೆ ಬೀಳಬಾರದು. ನೆರಳು ಬಿತ್ತೆಂದರೆ ಹಕ್ಕಿ ಬಂತೆಂದೇ ಅದರ ಲೆಕ್ಕ. ನಿಂತು ಬಾಗುವುದಕ್ಕಿಂತ ದೂರದಲ್ಲೇ ಕುಳಿತು ಕುಕ್ಕರಗಾಲಿನಲ್ಲಿ ಸರಿಯುವುದು ಮೇಲು. ಚಿಟ್ಟೆ ಹೂವಿಗೆ ಮೂತಿ ಇಟ್ಟಾಗ ಸರಿಯಿರಿ, ಎತ್ತಿದಾಗ ನಿಲ್ಲಿ. ಎದ್ದು ಹೋದರೆ ಬೆನ್ನಟ್ಟಬೇಡಿ. ಅದೇ ಪೊದೆಯ ಬಳಿ ಕಾಯ್ದರೆ ಅದೋ ಅದರ ಜತೆಯದೋ ಮತ್ತೆ ಬರುತ್ತದೆ.

ಮನೆಯ ಗಿಡವೇ ಸ್ಟುಡಿಯೊ

ಕಾಡಿಗೆ ಹೋಗಲಾಗದವರಿಗೆ, ಮಕ್ಕಳಿಗೆ, ಮನೆ ಬಿಟ್ಟು ಹೊರಡಲು ಪುರುಸೊತ್ತಿಲ್ಲದ ಹೆಣ್ಣುಮಕ್ಕಳಿಗೆ ಕರಿಬೇವಿನ ಗಿಡಕ್ಕಿಂತ ಒಳ್ಳೆಯ ಸ್ಟುಡಿಯೊ ಇಲ್ಲ. ಮೊಟ್ಟೆ ಇಡಲು ಬಂದ ಹೆಣ್ಣನ್ನು ಗಮನಿಸಿ. ಎಲೆಯ ಮೇಲೆ ಮುಂಗಾಲುಗಳಿಂದ ಪಟಪಟನೆ ತಟ್ಟುತ್ತದೆ. ಅದರ ನಾಲಿಗೆ ಇರುವುದು ಕಾಲಿನಲ್ಲಿ ಎನ್ನಬಹುದು. ತಟ್ಟಿಯೇ ಎಲೆಯ ರುಚಿ ತಿಳಿಯುತ್ತದೆ. ಒಪ್ಪಿಗೆಯಾದರೆ ರೆಕ್ಕೆ ಬಡಿಯುತ್ತಲೇ ಹೊಟ್ಟೆಯನ್ನು ಬಾಗಿಸಿ, ಎಳೆ ಎಲೆಗೆ ಒಂದೇ ಒಂದು ಮೊಟ್ಟೆ ಅಂಟಿಸಿ, ಮುಂದಿನ ಚಿಗುರಿಗೆ ಹೋಗುತ್ತದೆ. ತಿಳಿಹಳದಿಯ ಗುಂಡು ಮೊಟ್ಟೆ. ಮೂರು ನಾಲ್ಕು ದಿನದಲ್ಲಿ ಹುಳು. ಹಿಕ್ಕೆಯಂತಿದ್ದ ಹುಳು ಪೊರೆ ಬಿಟ್ಟು ಬಿಟ್ಟು ಕೊನೆಗೆ ಎಲೆಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಕಟುವಾಸನೆ ಬಿಡುತ್ತದೆ. ಇರುವೆ, ಜೇಡಗಳನ್ನು ಓಡಿಸುವ ಅಸ್ತ್ರ ಅದು. ಫೋಟೊಗಾಗಿ ಮತ್ತೆ ಮತ್ತೆ ಕೆಣಕಬೇಡಿ.

ಕೋಶ ಕಟ್ಟುವಾಗ ಹುಳು ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ಸೊಂಟಕ್ಕೆ ರೇಷ್ಮೆಯ ಎಳೆ ಬಿಗಿದು ಒರಗಿಕೊಳ್ಳುತ್ತದೆ. ಹಸಿರು ಎಲೆಗಳ ನಡುವೆ ಕೋಶ ಹಸಿರು, ಒಣಕಡ್ಡಿಯ ಮೇಲೆ ಕಂದು ಆಗುವುದೇ ಹೆಚ್ಚು. ಒಂದೆರಡು ವಾರದಲ್ಲಿ ಕೋಶ ಕಪ್ಪಿಟ್ಟು ಒಳಗಿನ ರೆಕ್ಕೆಯ ಬಣ್ಣ ಹೊರಗೆ ಕಂಡರೆ ಮರುದಿನ ಬೆಳಿಗ್ಗೆ ಕ್ಯಾಮೆರಾ ಸಿದ್ಧವಿಟ್ಟುಕೊಳ್ಳಿ. ಚಿಟ್ಟೆ ಹೊರಬರುವುದು ಕೆಲವೇ ನಿಮಿಷಗಳ ಕೆಲಸ. ಮುದುಡಿದ ರೆಕ್ಕೆಗೆ ದ್ರವ ತುಂಬಿ ಅಗಲವಾಗಿ, ಒಣಗಿ ಗಟ್ಟಿಯಾಗಲು ಒಂದೆರಡು ತಾಸು ಬೇಕು. ಆವರೆಗೆ ಅದು ಹಾರಲಾರದು. ಒಂದು ಹುರುಪೆಯೂ ಉದುರದ ಹೊಚ್ಚಹೊಸ ರೆಕ್ಕೆಯ ಫೋಟೊ ಬೇಕೆಂದರೆ ಇದೇ ಸಮಯ. ಕೆಲವು ಸಲ ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬರುತ್ತವೆ. ಬೇಸರ ಬೇಡ, ಅದನ್ನೂ ತೆಗೆದಿಡಿ. ಹುಳುಗಳ ಸಂಖ್ಯೆ ಹತೋಟಿಯಲ್ಲಿಡುವವು ಅವೇ.

ಚಿಟ್ಟೆಯನ್ನು ಹಿಡಿದು ಫ್ರಿಜ್‌ನಲ್ಲಿಟ್ಟು ಜಡಗೊಳಿಸಿ ಫೋಟೊ ತೆಗೆಯುವ ಕೆಟ್ಟ ಚಾಳಿಯೊಂದಿದೆ. ನೋಡಿದವರಿಗೆ ಅದು ಕೂಡಲೇ ತಿಳಿಯುತ್ತದೆ, ಏಕೆಂದರೆ ಬದುಕಿರುವ ಚಿಟ್ಟೆ ಹಾಗೆ ಕೂರುವುದೇ ಇಲ್ಲ. ಕ್ರಿಮ್ಸನ್ ರೋಸ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿ ಹೆಸರು ಪಡೆದಿದ್ದ ಚಿಟ್ಟೆ ಎಂಬುದನ್ನು ಬಲೆ ಹಿಡಿದು ಹೊರಡುವವರು ತಿಳಿದಿರಲಿ.

ಫೋಟೊ ತೆಗೆದ ಮೇಲೆ ಅದು ಫೋನಿನಲ್ಲೇ ಕೊಳೆಯಬಾರದು. ಸಮದ್ ಕೊಟ್ಟೂರು ಅವರಂಥ ಆಸಕ್ತರ ದುಡಿಮೆಯಿಂದ ಈ ಸೀಮೆಯ ಹಕ್ಕಿಗಳು, ಕರಡಿಗಳು ಬೆಳಕಿಗೆ ಬಂದಿವೆ. ಚಿಟ್ಟೆಗಳ ಕೆಲಸ ಅಷ್ಟು ಆಗಿಲ್ಲ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐಫೌಂಡ್‌ಬಟರ್‌ಫ್ಲೈಸ್ ತಾಣಗಳಲ್ಲಿ ಯಾರು ಬೇಕಾದರೂ ಫೋಟೊ ಸೇರಿಸಬಹುದು. ದೇಶದಾದ್ಯಂತ ಸೆಪ್ಟೆಂಬರ್ ತಿಂಗಳನ್ನು 2020ರಿಂದ ಚಿಟ್ಟೆಗಳ ದೊಡ್ಡ ಎಣಿಕೆಗೆ ಮೀಸಲಿಟ್ಟಿದ್ದಾರೆ, ನಮ್ಮ ಚಿಟ್ಟೆಸುಗ್ಗಿ ಶುರುವಾಗುವುದೂ ಆಗಲೇ. ಮಾರ್ಮನ್ ಹೆಣ್ಣಿನ ಮೂರು ವೇಷಗಳಲ್ಲಿ ಯಾವುದು ನಿಮ್ಮೂರಲ್ಲಿ ಹೆಚ್ಚು ಎಂಬುದು ವಿಜ್ಞಾನಕ್ಕೆ ನಿಜಕ್ಕೂ ಬೇಕಾದ ಮಾಹಿತಿ. ಅಸಲಿ ರೋಸ್ ಚಿಟ್ಟೆಗಳು ಎಷ್ಟಿವೆ ಎಂಬುದರ ಮೇಲೆ ಅದು ನಿಂತಿದೆ. ಹೈಸ್ಕೂಲಿನ ಒಂದು ತರಗತಿ ಮನಸ್ಸು ಮಾಡಿದರೆ ಒಂದೇ ಹಂಗಾಮಿನಲ್ಲಿ ಈ ಲೆಕ್ಕ ಬರೆದಿಡಬಹುದು.

ಹೊಲ ಮನೆ ಇರುವವರಲ್ಲಿ ಒಂದು ಕೇಳಿಕೆ. ಮನೆಬಳಕೆಯ ಕರಿಬೇವಿನ ಗಿಡದಲ್ಲಿ ಒಂದು ಕೊಂಬೆಯನ್ನಾದರೂ ಹುಳುಗಳಿಗೆ ಬಿಡಿ, ಗಿಡ ಮತ್ತೆ ಚಿಗುರುತ್ತದೆ. ಬದುವಿಗೆ ಕಳೆನಾಶಕ ಹೊಡೆಯುವ ಮುನ್ನ ಅಲ್ಲಿ ಕತ್ತೆಕಿರುಬ ಇದೆಯೇ ಎಂದು ನೋಡಿ, ಇದ್ದರೆ ಅಷ್ಟು ಜಾಗ ಬಿಟ್ಟು ಹೊಡೆಯಿರಿ. ಈ ಸೆಪ್ಟೆಂಬರ್‌ನಲ್ಲಿ ನೀವು ತೆಗೆದ ಮೊದಲ ಚಿಟ್ಟೆಯ ಫೋಟೊದ ಜತೆ ಊರು, ತಾರೀಖು, ಅದು ಕೂತಿದ್ದ ಗಿಡ, ಈ ಮೂರನ್ನು ತಪ್ಪದೆ ಬರೆದು ಸೇರಿಸಿ.